ಡೆಸ್ಕ್‌ಟಾಪ್ ಪಕ್ಕದಲ್ಲಿ ಟ್ಯಾಬ್: ಫೈಲು ಒಂದೇ ಇರಬೇಕು, ಪರದೆ ಎರಡಾಗಬೇಕು. ಹೇಗೆ?

ಮೂಲೆಮೇಜು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ವಿಂಡೋಸ್ 11 ಹೋಮ್ ಇರುವ ಡೆಸ್ಕ್‌ಟಾಪ್ ಇದೆ, ಜೊತೆಗೆ ಪೆನ್ ಇರುವ 11 ಇಂಚಿನ ಆಂಡ್ರಾಯ್ಡ್ ಟ್ಯಾಬ್. ಟ್ಯಾಬಿಗೆ ಸಿಮ್ ಇಲ್ಲ, ಬರೀ ವೈಫೈ. ಡೆಸ್ಕ್‌ಟಾಪ್ ಕೂಡ ವೈಫೈನಲ್ಲೇ ಇದೆ, ರೌಟರ್ ಪಕ್ಕದ ಕೋಣೆಯಲ್ಲಿ. ಬರವಣಿಗೆ, ಲೆಕ್ಕಪತ್ರ, ದೊಡ್ಡ ಫೈಲುಗಳೆಲ್ಲ ಡೆಸ್ಕ್‌ಟಾಪಿನಲ್ಲೇ, ಅದನ್ನು ಬಿಡುವ ಯೋಚನೆ ಇಲ್ಲ. ಟ್ಯಾಬಿನಿಂದ ಆಗಬೇಕಾದ್ದು ಮೂರು.

ಪಿಡಿಎಫ್ ಓದುತ್ತಾ ಪೆನ್ನಿನಿಂದ ಹಾಕಿದ ಗುರುತು ಡೆಸ್ಕ್‌ಟಾಪಿನ ಅದೇ ಫೈಲಿನಲ್ಲಿ ಕಾಣಬೇಕು. ಈಗ ಕೇಬಲ್ ಹಾಕಿ ಆಚೀಚೆ ಕಾಪಿ ಮಾಡಿ ಒಂದೇ ಹೆಸರಿನ ನಾಲ್ಕು ಪ್ರತಿ ಆಗಿವೆ, ಯಾವುದು ಹೊಸದು ಅಂತ ತಿಳಿಯುವುದೇ ಇಲ್ಲ. ಎರಡನೆಯದು, ಮೇಜಿನ ಮುಂದೆ ಕೂತಾಗ ಟ್ಯಾಬ್ ಎರಡನೇ ಪರದೆಯಾಗಬೇಕು. ಅದಕ್ಕೆಂದೇ ಇರುವ ಸ್ಪೇಸ್‌ಡೆಸ್ಕ್ ಎಂಬ ತಂತ್ರಾಂಶ ಹಾಕಿದ್ದಾಗಿದೆ, ಆದರೆ ಮೌಸ್ ಬಾಣ ಕೈಗಿಂತ ಹಿಂದೆ ಬೀಳುತ್ತದೆ. ಕಂಪ್ಯೂಟರಿಗೆ ಕೇಬಲ್ ಚುಚ್ಚಿಟ್ಟರೂ ಟ್ಯಾಬಿನ ಚಾರ್ಜ್ ಇಳಿಯುತ್ತಲೇ ಇರುತ್ತದೆ. ಮೂರನೆಯದು, ಬೇರೆ ಕೋಣೆಯಲ್ಲಿ ಕೂತು ಟ್ಯಾಬಿನಿಂದಲೇ ಡೆಸ್ಕ್‌ಟಾಪ್ ತೆರೆಯಬೇಕು. ಯಾವುದರಿಂದ ಶುರು ಮಾಡಲಿ?

ತಂತಿಗಂಟು:

ಮೊದಲು ಫೈಲಿನ ವಿಷಯ ಬಗೆಹರಿಸಿಕೊಳ್ಳಿ. ಪರದೆ ನಿಧಾನವಾದರೆ ಬೇಜಾರಷ್ಟೇ, ಫೈಲು ನಾಲ್ಕಾದರೆ ಒಂದು ದಿನ ಕೆಲಸವೇ ಹೋಗುತ್ತದೆ.

ಕೇಬಲ್ ಹಾಕಿದಾಗ ಟ್ಯಾಬ್ ಪೆನ್‌ಡ್ರೈವ್ ಥರ ಕಂಡರೂ ಅದು ಪೆನ್‌ಡ್ರೈವ್ ಅಲ್ಲ. ಆಂಡ್ರಾಯ್ಡ್ ಎಂಟಿಪಿ ಎಂಬ ವಿಧಾನದಲ್ಲಿ ಫೈಲು ಕೊಡುತ್ತದೆ. ಅಲ್ಲಿ ಫೈಲನ್ನು ಇದ್ದಲ್ಲೇ ತೆರೆದು ತಿದ್ದಲು ಬರುವುದಿಲ್ಲ, ಪೂರ್ತಿ ತರಬೇಕು, ಪೂರ್ತಿ ಕಳಿಸಬೇಕು. ಕಾಪಿಯಾಗುವಾಗ ತಾರೀಕು ಕೂಡ ಎಷ್ಟೋ ಸಲ ಬದಲಾಗುತ್ತದೆ, ಹಾಗಾಗಿ ‘ಕೊನೆಯ ಬದಲಾವಣೆ’ ನೋಡಿ ಹೊಸದು ಯಾವುದೆಂದು ಹೇಳಲಾಗದು. ನಿಮ್ಮ ನಾಲ್ಕು ಪ್ರತಿಗಳು ಹುಟ್ಟಿದ್ದು ಇಲ್ಲೇ.

ಡೆಸ್ಕ್‌ಟಾಪಿನ ಫೋಲ್ಡರನ್ನು ವೈಫೈನಲ್ಲಿ ಶೇರ್ ಮಾಡಿ ಟ್ಯಾಬಿನಿಂದ ತೆರೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ವಿಡಿಯೊ ನೋಡಲು, ಫೋಟೊ ನೋಡಲು ಅದು ಚೆನ್ನ. ಗುರುತು ಹಾಕುವುದಕ್ಕೆ ಬೇಡ. ಶೇರ್ ಫೋಲ್ಡರಿನಿಂದ ಪಿಡಿಎಫ್ ತೆರೆದಾಗ ಬಹಳಷ್ಟು ಆ್ಯಪ್‌ಗಳು ಸದ್ದಿಲ್ಲದೆ ಟ್ಯಾಬಿನೊಳಗೆ ಒಂದು ನಕಲು ಮಾಡಿಕೊಂಡು ಅದರ ಮೇಲೆ ಬರೆಯುತ್ತವೆ. ಸೇವ್ ಆಯಿತು ಅಂತ ತೋರಿಸುತ್ತದೆ, ಡೆಸ್ಕ್‌ಟಾಪಿನಲ್ಲಿ ನೋಡಿದರೆ ಹಳೇ ಫೈಲೇ ಇರುತ್ತದೆ.

ನಿಮ್ಮ ಕೆಲಸಕ್ಕೆ ಹೊಂದುವುದು ಸಿಂಕ್‌ಥಿಂಗ್. ಎರಡು ಸಾಧನಗಳಲ್ಲಿರುವ ಒಂದು ಫೋಲ್ಡರನ್ನು ತಾನಾಗಿಯೇ ಒಂದೇ ಥರ ಇಡುತ್ತದೆ, ಇದಕ್ಕೇ ಸಿಂಕ್ ಅನ್ನುವುದು. ಉಚಿತ, ಮುಕ್ತ ತಂತ್ರಾಂಶ, ಫೈಲು ಯಾವ ಕಂಪನಿಯ ಸರ್ವರಿಗೂ ಹೋಗದೆ ಮನೆಯೊಳಗೇ ಓಡಾಡುತ್ತದೆ. ಡೆಸ್ಕ್‌ಟಾಪಿನಲ್ಲಿ ಸಿಂಕ್‌ಥಿಂಗ್, ಟ್ಯಾಬಿನಲ್ಲಿ ಸಿಂಕ್‌ಥಿಂಗ್-ಫೋರ್ಕ್ ಹಾಕಿ. ಆಂಡ್ರಾಯ್ಡಿನ ಮೂಲ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತಿತು, ಈಗ ಮುಂದುವರಿದಿರುವುದು ಫೋರ್ಕ್. ಡೆಸ್ಕ್‌ಟಾಪಿನ ಬ್ರೌಸರಿನಲ್ಲಿ 127.0.0.1:8384 ತೆರೆದರೆ ಅದರ ಪುಟ ಬರುತ್ತದೆ. ಅಲ್ಲಿ ತನ್ನ ಗುರುತಿನ ಕ್ಯೂಆರ್ ಕೋಡ್ ತೋರಿಸಿ, ಟ್ಯಾಬಿನಿಂದ ಸ್ಕ್ಯಾನ್ ಮಾಡಿ, ಡೆಸ್ಕ್‌ಟಾಪಿನಲ್ಲಿ ಒಪ್ಪಿಗೆ ಒತ್ತಿ. ಆಮೇಲೆ ‘ಓದು’ ಅಂತ ಒಂದೇ ಫೋಲ್ಡರ್ ಸೇರಿಸಿ ಟ್ಯಾಬಿನ ಜೊತೆ ಹಂಚಿ. ಇಡೀ ಡಾಕ್ಯುಮೆಂಟ್ಸ್ ಫೋಲ್ಡರನ್ನು ಹಂಚಬೇಡಿ, ಟ್ಯಾಬಿನ ಜಾಗ ತುಂಬುತ್ತದೆ.

ಕೈಕೊಡುವ ಜಾಗಗಳು ಇವು. ಟ್ಯಾಬಿನಲ್ಲಿ ಆ ಫೋಲ್ಡರ್ ಒಳಗಿನ ಮೆಮೊರಿಯಲ್ಲೇ ಇರಲಿ. ಎಸ್‌ಡಿ ಕಾರ್ಡಿಗೆ ಬರೆಯಲು ಆಂಡ್ರಾಯ್ಡ್ ಆ್ಯಪ್‌ಗಳನ್ನು ಸುಲಭಕ್ಕೆ ಬಿಡುವುದಿಲ್ಲ. ಬ್ಯಾಟರಿ ಸೆಟ್ಟಿಂಗಿನಲ್ಲಿ ಈ ಆ್ಯಪಿಗೆ ‘ನಿರ್ಬಂಧವಿಲ್ಲ’ ಕೊಡಿ, ಇಲ್ಲದಿದ್ದರೆ ಪರದೆ ಆರಿದ ಸ್ವಲ್ಪ ಹೊತ್ತಿಗೆ ಆಂಡ್ರಾಯ್ಡ್ ಅದನ್ನು ಮಲಗಿಸಿಬಿಡುತ್ತದೆ. ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಅಂತ ಇದ್ದರೆ ‘ಪ್ರೈವೇಟ್’ ಮಾಡಿ, ಫೈರ್‌ವಾಲ್ ಕೇಳಿದಾಗ ಒಪ್ಪಿಗೆ ಕೊಡಿ. ಎರಡೂ ಒಂದನ್ನೊಂದು ಕಾಣದೇ ಇದ್ದರೆ ಟ್ಯಾಬ್ ಗೆಸ್ಟ್ ವೈಫೈನಲ್ಲಿ ಇದೆಯಾ ನೋಡಿ. ಗೆಸ್ಟ್ ವೈಫೈ ಇರುವುದೇ ಸಾಧನಗಳು ಪರಸ್ಪರ ಕಾಣದಿರಲಿ ಅಂತ.

ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ಟ್ಯಾಬಿನಲ್ಲಿ ಅಳಿಸಿದರೆ ಡೆಸ್ಕ್‌ಟಾಪಿನಲ್ಲೂ ಅಳಿಯುತ್ತದೆ. ಅದಕ್ಕೆ ಡೆಸ್ಕ್‌ಟಾಪಿನ ಕಡೆ ಆ ಫೋಲ್ಡರಿನ ‘ಫೈಲ್ ವರ್ಷನಿಂಗ್’ನಲ್ಲಿ ‘ಟ್ರ್ಯಾಶ್ ಕ್ಯಾನ್’ ಆರಿಸಿ 30 ದಿನ ಅಂತ ಹಾಕಿ. ಇದು ಎದುರಿನ ಸಾಧನದಿಂದ ಬಂದ ಬದಲಾವಣೆಗೆ ಮಾತ್ರ ಹಳೇ ಪ್ರತಿ ತೆಗೆದಿಡುತ್ತದೆ, ನೀವೇ ಡೆಸ್ಕ್‌ಟಾಪಿನಲ್ಲಿ ಅಳಿಸಿದ್ದಕ್ಕೆ ಅಲ್ಲ. ಆದ್ದರಿಂದ ಯಾವ ಕಡೆ ಆನ್ ಮಾಡುತ್ತೀರಿ ಅನ್ನುವುದು ಮುಖ್ಯ.

ಎರಡೂ ಕಡೆ ಒಂದೇ ಫೈಲು ತಿದ್ದಿದರೆ, ಹಳೇ ಸಮಯದ್ದರ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’ ಅಂತ ತಾರೀಕು, ಗಂಟೆ ಸಮೇತ ಸೇರುತ್ತದೆ. ಏನೂ ಕಳೆಯುವುದಿಲ್ಲ, ಆದರೆ ನೀವೇ ಕೂತು ಜೋಡಿಸಬೇಕು. ತಪ್ಪಿಸಲು ಒಂದೇ ರೂಢಿ ಸಾಕು: ಟ್ಯಾಬ್ ಕೈಗೆತ್ತಿಕೊಳ್ಳುವ ಮುಂಚೆ ಡೆಸ್ಕ್‌ಟಾಪಿನಲ್ಲಿ ಆ ಪಿಡಿಎಫ್ ಮುಚ್ಚಿ. ತೆರೆದೇ ಇದ್ದರೆ ವಿಂಡೋಸ್ ಆ ಫೈಲನ್ನು ಹಿಡಿದಿಟ್ಟುಕೊಂಡು ಹೊಸದು ಒಳಬರಲು ಬಿಡದೇ ಇರಬಹುದು.

ಇನ್ನು ಪಿಡಿಎಫ್ ಆ್ಯಪ್. ‘ಇಂಪೋರ್ಟ್’ ಮಾಡಿಕೊಳ್ಳುವ ನೋಟ್ಸ್ ಆ್ಯಪ್‌ಗಳು ತಮ್ಮದೇ ನಕಲಿನಲ್ಲಿ, ತಮ್ಮದೇ ಬಗೆಯಲ್ಲಿ ಗುರುತು ಇಟ್ಟುಕೊಳ್ಳುತ್ತವೆ. ನಿಮಗೆ ಬೇಕಾದ್ದು ಫೈಲನ್ನು ಇದ್ದಲ್ಲೇ ತೆರೆದು, ಪಿಡಿಎಫ್‌ನ ಸಾಮಾನ್ಯ ಟಿಪ್ಪಣಿಯಾಗಿ ಒಳಗೇ ಬರೆಯುವಂಥದ್ದು. ಹಾಗೆ ಬರೆದ ಗುರುತು ಡೆಸ್ಕ್‌ಟಾಪಿನ ಎಡ್ಜ್‌ನಲ್ಲೂ ಅಡೋಬಿ ರೀಡರಿನಲ್ಲೂ ಕಾಣುತ್ತದೆ. ‘ಫ್ಲ್ಯಾಟನ್’ ಅಂತ ಕೇಳಿದರೆ ಒತ್ತಬೇಡಿ. ಗುರುತು ಪುಟಕ್ಕೇ ಅಚ್ಚಾಗಿ ಮತ್ತೆ ತೆಗೆಯಲಾಗದು.

ಆ್ಯಪ್ ಸರಿಯಿದೆಯಾ ಅಂತ ಒಂದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ಟ್ಯಾಬಿನಲ್ಲಿ ಮೊದಲ ಪುಟದ ಮೂಲೆಗೆ ಒಂದು ಗೆರೆ ಎಳೆಯಿರಿ, ಆ್ಯಪನ್ನು ಪೂರ್ತಿ ಮುಚ್ಚಿ, ಡೆಸ್ಕ್‌ಟಾಪಿನ ಫೋಲ್ಡರಿನಲ್ಲಿ ಅದೇ ಫೈಲಿನ ಸಮಯ ನೋಡಿ. ಈಗಿನ ಸಮಯಕ್ಕೆ ಬದಲಾಗಿದ್ದರೆ ಆ್ಯಪ್ ಸರಿ. ಬದಲಾಗದೆ ಪಕ್ಕದಲ್ಲಿ ಇನ್ನೊಂದು ಫೈಲು ಹುಟ್ಟಿದ್ದರೆ ಆ ಆ್ಯಪ್ ತೆಗೆದುಹಾಕಿ.

ಅಂಚುಪಟ್ಟಿ:

ಪರದೆಯ ಬಗ್ಗೆ ಹೇಳುತ್ತೇನೆ. ಬಾಣ ಹಿಂದೆ ಬೀಳುವುದಕ್ಕೆ ಸ್ಪೇಸ್‌ಡೆಸ್ಕ್‌ಗಿಂತ ನಿಮ್ಮ ಜೋಡಣೆಯೇ ದೊಡ್ಡ ಕಾರಣ. ಡೆಸ್ಕ್‌ಟಾಪ್ ವೈಫೈನಲ್ಲಿ, ಟ್ಯಾಬೂ ವೈಫೈನಲ್ಲಿ ಅಂದರೆ ಪ್ರತಿಯೊಂದು ಚಿತ್ರ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ: ಡೆಸ್ಕ್‌ಟಾಪಿನಿಂದ ರೌಟರಿಗೆ, ರೌಟರಿನಿಂದ ಟ್ಯಾಬಿಗೆ. ಒಂದೇ ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಹಾಗಾಗಿ ಸಿಗುವ ಹೊತ್ತು ಅರ್ಧಕ್ಕರ್ಧ ಕಡಿಮೆ.

ರೌಟರಿನಿಂದ ಡೆಸ್ಕ್‌ಟಾಪಿಗೆ ಈಥರ್ನೆಟ್ ಕೇಬಲ್ ಎಳೆಯಿರಿ, ಟ್ಯಾಬನ್ನು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ. ಬೇರೇನೂ ಮಾಡದಿದ್ದರೂ ಇದರಿಂದಲೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಅಕ್ಕಪಕ್ಕದ ವೈಫೈ ಜೊತೆಗೆ ಬ್ಲೂಟೂತ್ ಮೌಸ್, ಕೀಬೋರ್ಡ್ ಕೂಡ ನುಗ್ಗುತ್ತವೆ. ಕೇಬಲ್ ಎಳೆಯಲು ಆಗುವುದೇ ಇಲ್ಲ ಅನ್ನುವವರು ವಿಂಡೋಸ್‌ನ ‘ಮೊಬೈಲ್ ಹಾಟ್‌ಸ್ಪಾಟ್’ ಆನ್ ಮಾಡಿ, ಬ್ಯಾಂಡ್ 5 ಗಿಗಾಹರ್ಟ್ಸ್ ಇಟ್ಟು ಟ್ಯಾಬನ್ನು ಅದಕ್ಕೇ ಸೇರಿಸಿದರೆ ನಡುವಿನ ರೌಟರ್ ತಪ್ಪುತ್ತದೆ.

ಆಮೇಲೆ ರೆಸಲ್ಯೂಷನ್. ಟ್ಯಾಬ್ 2560×1600 ಇದ್ದರೆ ಎರಡನೇ ಪರದೆಯನ್ನು 1280×800ಕ್ಕೆ ಇಳಿಸಿ. ಕಳಿಸಬೇಕಾದ ಚುಕ್ಕಿಗಳು ಸರಿಯಾಗಿ ಕಾಲು ಭಾಗವಾಗುತ್ತವೆ. 11 ಇಂಚಿನಲ್ಲಿ ಅಕ್ಷರ ದಪ್ಪವಾಗಿ ಕಾಣುತ್ತದೆ, ಓದಲು ಅದೇ ಹಿತ. ಅಂಚು ಮಸುಕು ಅನ್ನಿಸಿದರೆ 1920×1200 ಮಾಡಿ, ವಿಂಡೋಸ್‌ನಲ್ಲಿ ಸ್ಕೇಲ್ 150% ಇಡಿ.

ಏನೇ ಮಾಡಿದರೂ ವೈಫೈ ಪರದೆ ನಿಜವಾದ ಮಾನಿಟರ್ ಆಗುವುದಿಲ್ಲ. ಚಿತ್ರ ಕುಗ್ಗಿಸಿ, ಕಳಿಸಿ, ಬಿಡಿಸುವ ಹೊತ್ತು ಇದ್ದೇ ಇರುತ್ತದೆ. ಅದಕ್ಕೆ ಹೆಚ್ಚು ಅಲುಗಾಡದ್ದನ್ನು ಅಲ್ಲಿಡಿ: ನೋಡಿಕೊಂಡು ಬರೆಯಬೇಕಾದ ಪುಟ, ಮೇಲ್, ನಿಘಂಟು. ಬರೆಯುವ ಕಿಟಕಿ, ವಿಡಿಯೊ ಮುಖ್ಯ ಪರದೆಯಲ್ಲೇ ಇರಲಿ. ಪೆನ್ನಿನಲ್ಲಿ ಬರೆಯುವ ಕೆಲಸವನ್ನಂತೂ ಈ ದಾರಿಯಲ್ಲಿ ಮಾಡಲೇಬೇಡಿ, ಗೆರೆ ಪೆನ್ನಿನ ಹಿಂದೆ ಓಡಿಬರುತ್ತದೆ. ತಂತಿಗಂಟು ಅವರು ಹೇಳಿದಂತೆ ಟ್ಯಾಬಿನ ಆ್ಯಪಿನಲ್ಲೇ ಬರೆದು ಸಿಂಕ್ ಆಗಲು ಬಿಡಿ.

ಟ್ಯಾಬ್ ಎತ್ತಿಕೊಂಡು ಹೋದಮೇಲೆ ಯಾವುದೋ ಕಿಟಕಿ ಕಾಣದಾದರೆ ಗಾಬರಿ ಬೇಡ, ಅದು ಇಲ್ಲದ ಪರದೆಯಲ್ಲಿ ಕೂತಿರುತ್ತದೆ. ಟಾಸ್ಕ್‌ಬಾರಿನಲ್ಲಿ ಅದನ್ನು ಆರಿಸಿ ವಿಂಡೋಸ್ ಕೀ, ಶಿಫ್ಟ್, ಎಡ ಬಾಣ ಒಟ್ಟಿಗೆ ಒತ್ತಿ. ಬರದಿದ್ದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಪಿಸಿ ಸ್ಕ್ರೀನ್ ಓನ್ಲಿ’ ಆರಿಸಿ.

ಈಗ ಚಾರ್ಜು. ಡೆಸ್ಕ್‌ಟಾಪಿನ ಯುಎಸ್‌ಬಿ 2.0 ಪೋರ್ಟಿನ ನಿಯಮದ ಮಿತಿ 5 ವೋಲ್ಟಿಗೆ 0.5 ಆಂಪಿಯರ್, ಅಂದರೆ 2.5 ವ್ಯಾಟ್. ನೀಲಿ ಬಾಯಿಯ ಯುಎಸ್‌ಬಿ 3.0 ಆದರೆ 0.9 ಆಂಪಿಯರ್, 4.5 ವ್ಯಾಟ್. 8000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 30 ವ್ಯಾಟ್-ಅವರ್. ಪರದೆ ಆರಿಸಿಟ್ಟರೂ 2.5 ವ್ಯಾಟಿನಲ್ಲಿ ತುಂಬಲು 12 ಗಂಟೆ ಬೇಕು. ಪರದೆ ಉರಿಯುತ್ತಾ, ವೈಫೈ ಓಡುತ್ತಾ ಇದ್ದರೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಟ್ಯಾಬ್ ಕೆಟ್ಟಿಲ್ಲ, ಪೋರ್ಟ್ ಸಾಲುತ್ತಿಲ್ಲ. ಟ್ಯಾಬಿನ ಸ್ವಂತ ಚಾರ್ಜರನ್ನು ಗೋಡೆಗೆ ಹಾಕಿ, ಡೇಟಾ ವೈಫೈನಲ್ಲಿ ಹೋಗಲಿ.

ದಿನವಿಡೀ ಚಾರ್ಜಿಗೆ ಹಾಕಿಡುವುದಾದರೆ ಬ್ಯಾಟರಿ ಸೆಟ್ಟಿಂಗಿನಲ್ಲಿ 80% ಅಥವಾ 85% ಮಿತಿ ಇದ್ದರೆ ಅದನ್ನು ಹಾಕಲೇಬೇಕು. ಲಿಥಿಯಂ ಬ್ಯಾಟರಿಯನ್ನು ಬೇಗ ಮುದಿಯಾಗಿಸುವುದು ಎರಡು: ತುಂಬಿಯೇ ಇರುವುದು, ಬಿಸಿಯಾಗಿರುವುದು. ಎರಡನೇ ಪರದೆಯಾಗಿ ಕೂತ ಟ್ಯಾಬಿಗೆ ಎರಡೂ ಒಟ್ಟಿಗೆ ಆಗುತ್ತವೆ. ಪೌಚ್ ತೆಗೆದು, ಬೆನ್ನಿಗೆ ಗಾಳಿ ಆಡುವ ಸ್ಟ್ಯಾಂಡಿನಲ್ಲಿ ಇಡಿ. ಗಾಜು ಫ್ರೇಮಿನಿಂದ ಒಂದು ಕಡೆ ಎದ್ದಂತೆ ಕಂಡರೆ, ಮೇಜಿನ ಮೇಲೆ ಮಲಗಿಸಿದಾಗ ನಡುವೆ ಉಬ್ಬಿ ತಿರುಗಿದರೆ, ಬ್ಯಾಟರಿ ಊದಿದೆ ಅಂತ ತಿಳಿದು ಅಲ್ಲಿಗೇ ಚಾರ್ಜ್ ನಿಲ್ಲಿಸಿ. ಒತ್ತಿ ಕೂರಿಸಲು ಹೋಗಬೇಡಿ, ಸರ್ವಿಸ್‌ನವರಿಗೇ ಕೊಡಿ.

ಸ್ಟ್ಯಾಂಡಿನಲ್ಲಿ ಅಡ್ಡ ಇಟ್ಟಾಗ ಹೆಚ್ಚಿನ ಟ್ಯಾಬ್‌ಗಳ ಚಾರ್ಜಿಂಗ್ ಬಾಯಿ ಬಲ ಅಥವಾ ಎಡ ಬದಿಗೆ ಬರುತ್ತದೆ. ನೇರ ಪಿನ್ನು ಆಚೆ ಚಾಚಿಕೊಂಡು ಕೈ ತಾಗಿದಾಗಲೆಲ್ಲ ಸನ್ನೆಗೋಲಿನಂತೆ ಆ ಬಾಯನ್ನು ಮೀಟುತ್ತದೆ, ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಎಲ್ ಆಕಾರದ ಪಿನ್ ಇರುವ ಕೇಬಲ್ ತಗೊಳ್ಳಿ.

ಮೂಲೆಮೇಜು:

ಇಬ್ಬರಿಗೂ ಧನ್ಯವಾದ. ಈಥರ್ನೆಟ್ ಎಳೆಯಲು ತೊಂದರೆ ಇಲ್ಲ. ಯುಎಸ್‌ಬಿ ಟೆದರಿಂಗ್ (ಯುಎಸ್‌ಬಿ ಕೇಬಲ್ಲನ್ನೇ ನೆಟ್‌ವರ್ಕ್ ಆಗಿ ಬಳಸುವುದು) ಮೇಲೆ ಸ್ಪೇಸ್‌ಡೆಸ್ಕ್ ಓಡಿಸಿದರೆ ವೈಫೈ ಗೋಜೇ ಇಲ್ಲ ಅನ್ನುತ್ತಾರಲ್ಲ, ಅದು ಆಗುತ್ತದಾ? ಇನ್ನೊಂದು, ಡೆಸ್ಕ್‌ಟಾಪಿನಲ್ಲಿ ‘ನುಡಿ’ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ವರ್ಡ್ ಫೈಲುಗಳು ಟ್ಯಾಬಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತವೆ. ಫೈಲು ಹಾಳಾಗಿದೆಯಾ?

ಅಂಚುಪಟ್ಟಿ:

ಟೆದರಿಂಗ್ ದಾರಿ ಸರಿಯೇ, ಆದರೆ ಸಿಮ್ ಇಲ್ಲದ ಎಷ್ಟೋ ಟ್ಯಾಬ್‌ಗಳಲ್ಲಿ ಆ ಆಯ್ಕೆಯೇ ಇರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊದಲು ಹುಡುಕಿ. ಇದ್ದರೆ, ಕಂಪ್ಯೂಟರ್ ಇಂಟರ್ನೆಟ್ಟನ್ನೂ ಟ್ಯಾಬಿನ ಮೂಲಕ ಎಳೆಯಲು ಹೋಗಬಹುದು, ಆಗ ಡೌನ್‌ಲೋಡ್ ನಿಧಾನವಾಗುತ್ತದೆ. ಕಂಪ್ಯೂಟರಿನ ಪೋರ್ಟಿಗೇ ಚುಚ್ಚಬೇಕಾದ್ದರಿಂದ ಚಾರ್ಜ್ ಸಾಲದ ತೊಂದರೆಯೂ ಮತ್ತೆ ಬರುತ್ತದೆ. ಈಥರ್ನೆಟ್ ಎಳೆಯಲು ಆಗುವುದಾದರೆ ಇದರ ಗೊಡವೆ ಬೇಡ.

ದೂರದೀಪ:

ಬೇರೆ ಕೋಣೆಯಿಂದ ಡೆಸ್ಕ್‌ಟಾಪ್ ತೆರೆಯುವುದಕ್ಕೆ ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಇದೆ, ಆದರೆ ಹೋಮ್ ಆವೃತ್ತಿ ಬೇರೆಯವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಪ್ರೊ ಬೇಕು. ಹೋಮ್‌ನಲ್ಲಿ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು. ಡೆಸ್ಕ್‌ಟಾಪಿನ ಕ್ರೋಮ್‌ನಲ್ಲಿ ಸೆಟಪ್ ಮಾಡಿ, ಕನಿಷ್ಠ 6 ಅಂಕಿಯ ಪಿನ್ ಕೊಟ್ಟು, ಟ್ಯಾಬಿನಲ್ಲಿ ಅದೇ ಗೂಗಲ್ ಖಾತೆಯಿಂದ ತೆರೆಯಿರಿ. ಬೆರಳಿಗೆ ಮೌಸಿನ ಸೂಕ್ಷ್ಮ ಬರುವುದಿಲ್ಲ, ಹಾಗಾಗಿ ‘ಟ್ರ್ಯಾಕ್‌ಪ್ಯಾಡ್’ ಮೋಡ್ ಇಡಿ. ಬೆರಳು ಎಲ್ಲಿ ಜಾರಿಸಿದರೂ ಬಾಣ ಸರಿಯುತ್ತದೆ, ಎರಡು ಬೆರಳಿನಿಂದ ತಟ್ಟಿದರೆ ರೈಟ್ ಕ್ಲಿಕ್. ಒಂದು ಫೈಲು ತೆರೆದು ನೋಡಲು, ಪ್ರಿಂಟ್ ಕೊಡಲು, ಡೌನ್‌ಲೋಡ್ ಹಾಕಲು ಇದು ಚೆನ್ನ. ಗಂಟೆಗಟ್ಟಲೆ ಟೈಪ್ ಮಾಡಲು ಅಲ್ಲ.

ಮುಂದೆ ಪ್ರೊ ತಗೊಂಡರೂ ಒಂದು ಮಾತು ನೆನಪಿರಲಿ: ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಬೇಡಿ. ಆ ಪೋರ್ಟನ್ನೇ ಹುಡುಕಿಕೊಂಡು ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ.

ಇನ್ನು ನಿಜವಾದ ತೊಡಕು: ಡೆಸ್ಕ್‌ಟಾಪ್ ಮಲಗಿದ್ದರೆ ಯಾವ ಆ್ಯಪಿಗೂ ಸಿಗುವುದಿಲ್ಲ. ಸದಾ ಎಚ್ಚರವಿಟ್ಟರೆ ಕರೆಂಟ್ ದಂಡ. ಈಥರ್ನೆಟ್ ಹೇಗೂ ಎಳೆಯುತ್ತೀರಲ್ಲ, ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕಿನಿಂದಲೇ ಎಬ್ಬಿಸುವ ವೇಕ್ ಆನ್ ಲ್ಯಾನ್ ಆನ್ ಮಾಡಿಕೊಳ್ಳಿ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ‘ವೇಕ್ ಆನ್ ಲ್ಯಾನ್’ ಅಥವಾ ‘ಪವರ್ ಆನ್ ಬೈ ಪಿಸಿಐ-ಇ’ ಆನ್ ಮಾಡಿ, ಕರೆಂಟ್ ಉಳಿಸುವ ‘ಇಆರ್‌ಪಿ’ ಇದ್ದರೆ ಆಫ್ ಮಾಡಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ‘ಪವರ್ ಮ್ಯಾನೇಜ್‌ಮೆಂಟ್’ ತೆರೆದು, ಕಂಪ್ಯೂಟರನ್ನು ಎಬ್ಬಿಸಲು ಅನುಮತಿ ಕೊಡಿ, ‘ಮ್ಯಾಜಿಕ್ ಪ್ಯಾಕೆಟ್’ಗೆ ಮಾತ್ರ ಅನ್ನುವುದಕ್ಕೂ ಟಿಕ್ ಹಾಕಿ. ಈ ಎರಡನೇ ಟಿಕ್ ಬಿಟ್ಟರೆ ನೆಟ್‌ವರ್ಕಿನ ಯಾವುದೋ ಗದ್ದಲಕ್ಕೆ ನಡುರಾತ್ರಿ ತಾನೇ ಎದ್ದು ಕೂರುತ್ತದೆ. ಮ್ಯಾಜಿಕ್ ಪ್ಯಾಕೆಟ್ ಅಂದರೆ 102 ಬೈಟಿನ ಪುಟ್ಟ ಸಂದೇಶ: ಮೊದಲು 6 ಬೈಟಿನ ಗುರುತು, ಆಮೇಲೆ ಆ ಅಡಾಪ್ಟರಿನ ಮ್ಯಾಕ್ ವಿಳಾಸ (ಅದರದೇ ಗುರುತಿನ ಸಂಖ್ಯೆ) 16 ಸಲ. ಟ್ಯಾಬಿನಲ್ಲಿ ಯಾವುದಾದರೂ ವೇಕ್ ಆನ್ ಲ್ಯಾನ್ ಆ್ಯಪಿಗೆ ಆ ಮ್ಯಾಕ್ ವಿಳಾಸ ಕೊಟ್ಟರೆ ಮುಗಿಯಿತು.

ಡೆಸ್ಕ್‌ಟಾಪನ್ನು ‘ಸ್ಲೀಪ್’ ಮಾಡಿ ಹಿಂದುಗಡೆ ಬಗ್ಗಿ ನೋಡಿ. ಈಥರ್ನೆಟ್ ಪಿನ್ನಿನ ಪಕ್ಕದ ಪುಟ್ಟ ದೀಪ ಆಗಲೂ ಉರಿಯುತ್ತಿದ್ದರೆ ಅಡಾಪ್ಟರ್ ಎಚ್ಚರವಾಗಿದೆ. ಆರಿಹೋಗಿದ್ದರೆ ಆ್ಯಪನ್ನು ಬೈದು ಪ್ರಯೋಜನವಿಲ್ಲ, ಬಯಾಸ್‌ಗೆ ಮರಳಿ ಹೋಗಿ. ಶಟ್‌ಡೌನ್‌ನಿಂದಲೂ ಏಳಬೇಕು ಅಂದರೆ ವಿಂಡೋಸ್ ಬೇಗ ಶುರುವಾಗಲೆಂದು ಇರುವ ‘ಫಾಸ್ಟ್ ಸ್ಟಾರ್ಟಪ್’ ಹೆಚ್ಚಾಗಿ ಅಡ್ಡಿಯಾಗುತ್ತದೆ. ಸ್ಲೀಪ್‌ನಲ್ಲೇ ಬಿಟ್ಟರೆ ಆ ರಗಳೆ ಇಲ್ಲ.

ಒತ್ತಕ್ಷರ:

ನಿಮ್ಮ ನುಡಿ ಫೈಲುಗಳು ಹಾಳಾಗಿಲ್ಲ, ಧೈರ್ಯವಾಗಿರಿ. ‘ನುಡಿ 01 ಇ’ ಥರದ ಹಳೇ ಫಾಂಟುಗಳಲ್ಲಿ ಫೈಲಿನೊಳಗೆ ಇರುವುದು ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳು. ಅವಕ್ಕೆ ಕನ್ನಡದ ರೂಪ ತೊಡಿಸುವುದು ಆ ಫಾಂಟು. ಟ್ಯಾಬಿನಲ್ಲಿ ಫಾಂಟಿಲ್ಲ, ಒಳಗಿರುವುದು ಇದ್ದಹಾಗೇ ಕಾಣುತ್ತದೆ.

ಬರೀ ಓದುವುದಾದರೆ ಡೆಸ್ಕ್‌ಟಾಪಿನ ವರ್ಡ್‌ನಲ್ಲಿ ಪಿಡಿಎಫ್ ಆಗಿ ಸೇವ್ ಮಾಡಿ, ಫಾಂಟು ಒಳಗೇ ಸೇರಿ ಟ್ಯಾಬಿನಲ್ಲಿ ಸರಿಯಾಗಿ ಕಾಣುತ್ತದೆ. ಆದರೆ ಅದರಲ್ಲಿ ಕನ್ನಡ ಪದ ಹುಡುಕಿದರೆ ಸಿಗದು, ಅಲ್ಲಿಂದ ಕಾಪಿ ಮಾಡಿದರೂ ಅದೇ ಚಿಹ್ನೆಗಳ ರಾಶಿ ಬರುತ್ತದೆ. ಮುಂದೆಯೂ ತಿದ್ದುವ ಫೈಲಾದರೆ, ಕನ್ನಡ ಅಕ್ಷರವನ್ನು ಕನ್ನಡವಾಗಿಯೇ ಉಳಿಸುವ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಕಕ್ಕೆ ಕೊಟ್ಟು ಬಂದದ್ದನ್ನು ಒಮ್ಮೆ ಓದಲೇಬೇಕು. ಅರ್ಕಾವೊತ್ತು ಜಾಗ ಬದಲಿಸಿರುತ್ತದೆ, ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿರುತ್ತವೆ. ವಿಳಾಸ, ಮೇಲ್ ಐಡಿ ಇರುವ ಸಾಲುಗಳನ್ನು ಮೊದಲು ನೋಡಿ.

ಹೊಸದಾಗಿ ಟೈಪ್ ಮಾಡುವಾಗ ವಿಂಡೋಸ್‌ನ ಭಾಷೆ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಜೊತೆಗೆ ಫೊನೆಟಿಕ್ ಕೀಬೋರ್ಡ್ ಕೂಡ ಇದೆ. ಎರಡೂ ಯೂನಿಕೋಡ್, ಟ್ಯಾಬಿನಲ್ಲಿ ಏನೂ ಮಾಡಬೇಕಿಲ್ಲ.

ಡೆಸ್ಕ್‌ಟಾಪಿನ ಕೀಬೋರ್ಡಿನಿಂದ ಟ್ಯಾಬಿನ ಆ್ಯಪ್‌ಗಳಲ್ಲಿ ಬರೆಯಬೇಕಾದಾಗ ಇನ್ನೊಂದು ಒಳ್ಳೆಯ ಸಾಧನ ಇದೆ: ಎಸ್‌ಸಿಆರ್‌ಸಿಪಿವೈ, ಓದುವುದು ‘ಸ್ಕ್ರೀನ್ ಕಾಪಿ’ ಅಂತ. ಟ್ಯಾಬಿನ ಪರದೆಯನ್ನು ಡೆಸ್ಕ್‌ಟಾಪಿನ ಒಂದು ಕಿಟಕಿಯಲ್ಲಿ ತೋರಿಸುತ್ತದೆ, ಟ್ಯಾಬಿನಲ್ಲಿ ಆ್ಯಪ್ ಹಾಕಬೇಕಿಲ್ಲ. ಟ್ಯಾಬಿನ ‘ಬಿಲ್ಡ್ ನಂಬರ್’ ಮೇಲೆ 7 ಸಲ ತಟ್ಟಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ‘ಯುಎಸ್‌ಬಿ ಡೀಬಗಿಂಗ್’ ಆನ್ ಮಾಡಿ ಕೇಬಲ್ ಹಾಕಿ. ಬರೀ ಚಾರ್ಜಿಂಗ್ ಕೇಬಲ್ ಆದರೆ ಕಂಪ್ಯೂಟರಿಗೆ ಟ್ಯಾಬ್ ಕಾಣುವುದೇ ಇಲ್ಲ, ಡೇಟಾ ಕೇಬಲ್ ಬೇಕು. ಮೌಸಿನಿಂದ ಎಳೆದು ಆ ಕಿಟಕಿಗೆ ಹಾಕಿದ ಫೈಲು ಟ್ಯಾಬಿನ ಡೌನ್‌ಲೋಡ್ ಫೋಲ್ಡರಿಗೆ ಹೋಗುತ್ತದೆ.

ಕನ್ನಡಕ್ಕೆ ಒಂದು ತೊಡಕಿದೆ. ಮಾಮೂಲಿ ವಿಧಾನದಲ್ಲಿ ಅದು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಸರಿಯಾಗಿ ದಾಟಿಸುತ್ತದೆ. ನೇರವಾಗಿ ಕನ್ನಡ ಟೈಪ್ ಮಾಡಿದರೆ ಅಕ್ಷರಗಳು ಬೀಳುವುದಿಲ್ಲ. ಡೆಸ್ಕ್‌ಟಾಪಿನ ನೋಟ್‌ಪ್ಯಾಡಿನಲ್ಲಿ ಬರೆದು, ಕಾಪಿ ಮಾಡಿ, ಆ ಕಿಟಕಿಯಲ್ಲಿ ಕಂಟ್ರೋಲ್ ಜೊತೆ ವಿ ಒತ್ತಿ. ಕ್ಲಿಪ್‌ಬೋರ್ಡ್ ಮೂಲಕ ಒತ್ತಕ್ಷರ ಸಮೇತ ಸರಿಯಾಗಿ ಹೋಗುತ್ತದೆ. ಕೆಲಸ ಮುಗಿದ ಮೇಲೆ ಡೀಬಗಿಂಗ್ ಆಫ್ ಮಾಡಿ. ಅದು ಆನ್ ಇದ್ದು, ಒಪ್ಪಿಗೆ ಕೊಟ್ಟ ಕಂಪ್ಯೂಟರ್ ಸಿಕ್ಕರೆ, ಟ್ಯಾಬಿನ ಫೈಲುಗಳೆಲ್ಲ ಅದರ ಕೈಗೆ ಸಿಕ್ಕಂತೆ.

ತಂತಿಗಂಟು:

ಒತ್ತಕ್ಷರ ಅವರ ಮಾತಿಗೆ ಒಂದು ಸೇರಿಕೆ. ನುಡಿ ಫೈಲುಗಳನ್ನು ಪರಿವರ್ತಿಸುವ ಕೆಲಸ ಸಿಂಕ್ ಆಗುವ ಫೋಲ್ಡರಿನೊಳಗೆ ಮಾಡಬೇಡಿ. ಪರಿವರ್ತನೆ ತಪ್ಪಿ ಹಳೇ ಫೈಲಿನ ಮೇಲೆಯೇ ಸೇವ್ ಆದರೆ ಆ ತಪ್ಪು ಟ್ಯಾಬಿಗೂ ಹೋಗುತ್ತದೆ, ಅದೂ ಡೆಸ್ಕ್‌ಟಾಪಿನಲ್ಲೇ ಆದ ಬದಲಾವಣೆ ಆದ್ದರಿಂದ ಅಲ್ಲಿನ ವರ್ಷನಿಂಗ್ ಹಳೇ ಪ್ರತಿ ಇಟ್ಟಿರುವುದಿಲ್ಲ. ಹೊರಗಿನ ಫೋಲ್ಡರಿನಲ್ಲಿ ಮಾಡಿ, ಓದಿ, ಸರಿಯಿದ್ದರೆ ಹೊಸ ಹೆಸರು ಕೊಟ್ಟು ‘ಓದು’ ಫೋಲ್ಡರಿಗೆ ಹಾಕಿ. ಈಗಿರುವ ಆ ನಾಲ್ಕು ಪ್ರತಿಗಳನ್ನೂ ಮೊದಲು ಹೊರಗಿಟ್ಟು, ಒಂದೊಂದೇ ತೆರೆದು, ಗುರುತು ಹೆಚ್ಚು ಇರುವುದನ್ನು ಆರಿಸಿ. ಸಿಂಕ್ ಶುರುವಾಗುವ ಹೊತ್ತಿಗೆ ಒಳಗೆ ಒಂದೇ ಇರಲಿ.